ರೊಟ್ಟಿ ವ್ಯಾಪಾರ: ನನ್ನ ಲೆಕ್ಕ, ಯಜಮಾನರ ಲೆಕ್ಕ

ಪ್ರಶ್ನೆ: ಧಾರವಾಡದಲ್ಲಿ ಮನೆಯಿಂದಲೇ ಖಡಕ್ ರೊಟ್ಟಿ ಮಾರುತ್ತೇನೆ. ದಿನಕ್ಕೆ 150 ಹೋಗುತ್ತವೆ. ನಮ್ಮ ಯಜಮಾನರು ‘ಸಾಲ ತೆಗೆದು ಅಂಗಡಿ ಹಾಕೋಣ, ಮಷೀನ್ ತರೋಣ’ ಎನ್ನುತ್ತಾರೆ. ನನಗೆ ಮೊದಲು 300 ದಾಟಲಿ ಅನಿಸುತ್ತದೆ. ಗಂಡಸರು ಬೋರ್ಡ್‌ನಿಂದ ಶುರು ಮಾಡುತ್ತಾರೆ, ನಾವು ಹಿಟ್ಟಿನಿಂದ, ಅಲ್ವಾ?

ಉತ್ತರ 1: ಅವರದ್ದು ಪೂರ್ತಿ ತಪ್ಪಲ್ಲ ಅಕ್ಕ. (ಅಂಗಡಿಗೆ ಮುಂಗಡ ಕೊಟ್ಟು ಕೈ ಸುಟ್ಟುಕೊಂಡವನೇ ಹೇಳುತ್ತಿದ್ದೇನೆ!) ಸಣ್ಣ ವ್ಯಾಪಾರಕ್ಕೆ ಕೇಂದ್ರ ಸರ್ಕಾರದ ಮುದ್ರಾ ಯೋಜನೆಯ ‘ಶಿಶು’ ಸಾಲ 50,000 ರೂಪಾಯಿವರೆಗೆ, ಅಡಮಾನ ಬೇಡ. ವಿಚಾರಿಸಿ.

ಉತ್ತರ 2: ಲಿಜ್ಜತ್ ಪಾಪಡ್ ಅನ್ನು 1959ರಲ್ಲಿ ಮುಂಬೈಯ ಏಳು ಹೆಂಗಸರು ಶುರು ಮಾಡಿದ್ದೂ ಸಾಲದಿಂದಲೇ. 80 ರೂಪಾಯಿ!

ಪ್ರಶ್ನೆ ಕೇಳಿದವಳು: ಸಾಲಕ್ಕೆ ಹೆದರಿಕೆ ಇಲ್ಲ. ಮಷೀನ್ ಬಂದರೆ ನನ್ನ ಜೊತೆ ರೊಟ್ಟಿ ಬಡಿಯುವ ಇಬ್ಬರು ಎಲ್ಲಿಗೆ ಹೋಗಬೇಕು? ನಮ್ಮ ಯಜಮಾನರು ಅದನ್ನು ಕೇಳಲೇ ಇಲ್ಲ.