ಹಳೇ ಜೀಪಿನ ಚಾಸಿಗೆ ತುಕ್ಕು: ಯಾವ ಕೋಟಿಂಗ್ ಹೊಡೆಸಬೇಕು?

ಪ್ರಶ್ನೆ: ನಮಸ್ಕಾರ ಸರ್. ನನ್ನ ಹತ್ರ ಮೂವತ್ತು ವರ್ಷ ದಾಟಿದ ಒಂದು ಫೋರ್ ಬೈ ಫೋರ್ ಜೀಪ್ ಇದೆ. ಕೆಸರು, ಹಳ್ಳ ಎಲ್ಲ ಕಡೆ ಓಡಿಸುತ್ತೇನೆ. ಇಂಜಿನ್ ಚೆನ್ನಾಗಿದೆ. ಆದರೆ ಅಡಿಗೆ ಮಲಗಿ ನೋಡಿದರೆ ಚಾಸಿ (ಗಾಡಿ ಕೂರುವ ಉಕ್ಕಿನ ಚೌಕಟ್ಟು) ಮೇಲೆ ಅಲ್ಲಲ್ಲಿ ಬಣ್ಣ ಉಬ್ಬಿ ಗುಳ್ಳೆ ಬಂದಿದೆ. ಒಬ್ಬರು ಡಾಂಬರಿನ ದಪ್ಪ ಕಪ್ಪು ಅಂಡರ್‌ಕೋಟಿಂಗ್ ಹೊಡೆಸಿ, ಹತ್ತು ವರ್ಷ ತಿರುಗಿ ನೋಡಬೇಡಿ ಅಂತಾರೆ. ಇನ್ನೊಬ್ಬರು ವ್ಯಾಕ್ಸ್ ಅಂತಾರೆ. ಮತ್ತೊಬ್ಬರು ಬೆಡ್‌ಲೈನರ್, ಅಂದರೆ ಪಿಕಪ್ ತೊಟ್ಟಿಗೆ ಹೊಡೆಯುವ ಗಟ್ಟಿ ಕೋಟಿಂಗ್ ಅಂತಾರೆ. ಯಾವುದು ಸರಿ?

ಉತ್ತರ: ನಮಸ್ಕಾರ. ಕೋಟಿಂಗ್ ಯಾವುದು ಅನ್ನೋದು ಆಮೇಲಿನ ಮಾತು. ಮೊದಲು ಆ ಗುಳ್ಳೆ ಒಡೆದು ನೋಡಿ. ತುಕ್ಕು ಕಬ್ಬಿಣಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಜಾಗ ಕೇಳುತ್ತದೆ. ಅದಕ್ಕೇ ಬಣ್ಣವನ್ನು ಮೇಲಕ್ಕೆ ಎತ್ತಿದೆ. ಅದರ ಮೇಲೆ ಏನೇ ಹೊಡೆದರೂ ಅದನ್ನೂ ಎತ್ತುತ್ತದೆ.

ಒಂದು ಚಿಕ್ಕ ಸುತ್ತಿಗೆ ಹಿಡಿದು ಚಾಸಿ ಉದ್ದಕ್ಕೂ ಮೆಲ್ಲಗೆ ತಟ್ಟುತ್ತಾ ಹೋಗಿ. ಗಟ್ಟಿ ಇರುವ ಕಡೆ ಠಣ್ ಅನ್ನುತ್ತದೆ. ತುಕ್ಕು ತಿಂದ ಕಡೆ ಸದ್ದು ದಪ್ ಅಂತ ಕೂತುಬಿಡುತ್ತದೆ. ಅಲ್ಲಿ ಸ್ಕ್ರೂಡ್ರೈವರ್ ತುದಿ ಒತ್ತಿ. ತೂತು ಬಿತ್ತಾ? ಹಾಗಾದರೆ ಅದು ವೆಲ್ಡಿಂಗ್ ಕೆಲಸ, ಸ್ಪ್ರೇ ಕೆಲಸ ಅಲ್ಲ. ಹಿಂದಿನ ಕ್ರಾಸ್ ಮೆಂಬರ್ (ಚಾಸಿಯ ಅಡ್ಡಪಟ್ಟಿ), ಸ್ಪ್ರಿಂಗ್ ಪಟ್ಟಿ ಕೂರುವ ಬ್ರಾಕೆಟ್, ಬಾಡಿ ಚಾಸಿಗೆ ಕೂರುವ ಬಾಡಿ ಮೌಂಟ್, ಇವುಗಳನ್ನು ಬಿಡದೆ ನೋಡಿ. ಚಕ್ರ ಎರಚುವ ಕೆಸರು ಅಲ್ಲೇ ಹೋಗಿ ಕೂರುವುದು. ಇನ್ನೊಂದು ಮಾತು: ಗಾಡಿ ಅಡಿಗೆ ಹೋಗುವಾಗ ಬರೀ ಜ್ಯಾಕ್ ನಂಬಬೇಡಿ. ಗಟ್ಟಿ ನೆಲದ ಮೇಲೆ ಸ್ಟ್ಯಾಂಡ್ ಕೊಟ್ಟೇ ಹೋಗಿ.

ಆ "ಹತ್ತು ವರ್ಷ ತಿರುಗಿ ನೋಡಬೇಡಿ" ಅನ್ನುವ ಮಾತು ನನಗೆ ನಿಜಕ್ಕೂ ಬೇಸರ ತರಿಸುತ್ತದೆ. ಒಂದು ಸಲ ನನ್ನ ಹತ್ರ ಬಂದ ಗಾಡಿಯ ಅಡಿ ನೋಡಲು ಹೊಸದರಂತೆ ಇತ್ತು. ಒಂದೇ ಸಮ ಕಪ್ಪು, ಒಳ್ಳೆ ಹೊಳಪು. ಸ್ಪ್ರಿಂಗ್ ಬ್ರಾಕೆಟ್ ಹತ್ರ ಕೂದಲೆಳೆಯಷ್ಟು ಬಿರುಕು ಕಂಡಿತು. ಉಗುರು ಹಾಕಿ ಎಳೆದೆ. ಒಣಗಿದ ಗಾಯದ ಹಕ್ಕಳೆ ಬಂದ ಹಾಗೆ ಅಂಗೈ ಅಗಲದ ಡಾಂಬರು ಕಿತ್ತು ಬಂತು. ಅದರ ಒಳಮೈ ಒದ್ದೆ ಇತ್ತು. ಮಳೆ ನಿಂತು ಎಷ್ಟೋ ದಿನವಾಗಿತ್ತು, ಆದರೂ ಒದ್ದೆ. ಕೆಳಗಿನ ಕಬ್ಬಿಣ ಹಳೇ ಪುಸ್ತಕದ ಹಾಳೆಗಳಂತೆ ಪದರ ಪದರವಾಗಿ ಬಿಟ್ಟುಕೊಂಡಿತ್ತು. ಡಾಂಬರಿನ ಕೋಟಿಂಗ್ ಹೊಸದಿದ್ದಾಗ ಚೆನ್ನಾಗಿಯೇ ಇರುತ್ತದೆ. ವಯಸ್ಸಾದಂತೆ ಗಟ್ಟಿಯಾಗಿ ಬಿರಿಯುತ್ತದೆ. ಬಿರುಕಲ್ಲಿ ನೀರು ಒಳಗೆ ಹೋಗುತ್ತದೆ, ಹೊರಗೆ ಬರಲು ದಾರಿ ಇರುವುದಿಲ್ಲ.

ಅದಕ್ಕೇ ಹಳೇ ಗಾಡಿಗೆ ನಾನು ಮೆತ್ತಗೆ ಉಳಿಯುವ ಕೋಟಿಂಗನ್ನೇ ಹೇಳುವುದು. ವ್ಯಾಕ್ಸ್, ಇಲ್ಲವೇ ಲ್ಯಾನೊಲಿನ್. ಲ್ಯಾನೊಲಿನ್ ಅಂದರೆ ಕುರಿ ಉಣ್ಣೆಯಿಂದ ತೆಗೆದ ಜಿಡ್ಡು. ಇವು ಸಂದಿಗಳಿಗೆ ಹರಿದು ಹೋಗುತ್ತವೆ, ಸಣ್ಣ ಗೀರು ಬಿದ್ದರೆ ತಾವೇ ಸ್ವಲ್ಪ ಹರಡಿ ಮುಚ್ಚಿಕೊಳ್ಳುತ್ತವೆ. ಕೆಳಗೆ ಏನಾಗುತ್ತಿದೆ ಅಂತ ಒರೆಸಿ ನೋಡಬಹುದು. ನೋಡಲು ಚೆಂದ ಇರುವುದಿಲ್ಲ, ಧೂಳು ಹಿಡಿಯುತ್ತದೆ, ನೀರು ಕೆಸರಲ್ಲಿ ಓಡುವ ಗಾಡಿಗೆ ವರ್ಷಕ್ಕೊಮ್ಮೆ ಮತ್ತೆ ಹೊಡೆಯಬೇಕು. ಆ ತೊಂದರೆ ಒಪ್ಪಿಕೊಳ್ಳಿ.

ಪ್ರಶ್ನೆ (ಇನ್ನೊಬ್ಬ ಸದಸ್ಯರು): ಅಣ್ಣ, ಹಾಗಾದರೆ ತುಕ್ಕು ಪೂರ್ತಿ ತೆಗೆಯಲೇಬೇಕಾ? ರಸ್ಟ್ ಕನ್ವರ್ಟರ್ ಹಚ್ಚಿದರೆ ಸಾಲದಾ?

ಉತ್ತರ: ಉದುರುವ ತುಕ್ಕು ಪೂರ್ತಿ ಹೋಗಬೇಕು. ವೈರ್ ಬ್ರಷ್ ಹಾಕಿ, ಹೆರೆಯಿರಿ, ಸಂದಿಯಲ್ಲಿ ಚಿಪ್ಪಿಂಗ್ ಸುತ್ತಿಗೆ ಬಳಸಿ. ಕಣ್ಣಿಗೆ ಕನ್ನಡಕ ಮರೆಯಬೇಡಿ. ಕಬ್ಬಿಣಕ್ಕೆ ಅಂಟಿಕೊಂಡು ಉಳಿಯುವ ತೆಳು ಕಂದು ಪದರಕ್ಕೆ ಮಾತ್ರ ಕನ್ವರ್ಟರ್. ಅದರಲ್ಲಿ ಸಾಮಾನ್ಯವಾಗಿ ಫಾಸ್ಫಾರಿಕ್ ಇಲ್ಲವೇ ಟ್ಯಾನಿಕ್ ಆಮ್ಲ ಇರುತ್ತದೆ. ತುಕ್ಕಿನ ಜೊತೆ ಸೇರಿ ಅದನ್ನು ಕಪ್ಪಾದ, ಗಟ್ಟಿ ಪದರ ಮಾಡುತ್ತದೆ. ದಪ್ಪ ತುಕ್ಕಿನ ಮೇಲೆ ಹಚ್ಚಿದರೆ ಮೇಲೆ ಮಾತ್ರ ಕಪ್ಪಾಗುತ್ತದೆ, ಒಳಗೆ ತುಕ್ಕು ಹಾಗೇ ಇರುತ್ತದೆ.

ಹಾಗೇ ಇದನ್ನೂ ಹೇಳಿಬಿಡುತ್ತೇನೆ. ತುಂಬ ಜನ ಕನ್ವರ್ಟರ್ ಹಚ್ಚಿ ಅದರ ಮೇಲೆ ಜಿಂಕ್ ಪ್ರೈಮರ್ ಹೊಡೆಯುತ್ತಾರೆ. ಜಿಂಕ್ ಕೆಲಸ ಮಾಡುವುದು ಬರೀ ಕಬ್ಬಿಣಕ್ಕೆ ನೇರವಾಗಿ ತಾಗಿದಾಗ. ಆಗ ಕಬ್ಬಿಣದ ಬದಲು ತಾನು ಸವೆಯುತ್ತದೆ. ನಡುವೆ ಇನ್ನೊಂದು ಪದರ ಇದ್ದರೆ ಆ ಲಾಭ ಸಿಗುವುದಿಲ್ಲ. ಕನ್ವರ್ಟರ್ ಹಚ್ಚಿದ ಕಡೆ, ಹೊಡೆಯಬಹುದು ಅಂತ ಡಬ್ಬಿ ಮೇಲೆ ಬರೆದಿದ್ದರೆ ಎಪಾಕ್ಸಿ ಪ್ರೈಮರ್ ಹೊಡೆಯಿರಿ, ಆಮೇಲೆ ವ್ಯಾಕ್ಸ್.

ಪ್ರಶ್ನೆ (ಮೊದಲು ಕೇಳಿದವರು): ಸರ್, ಸುತ್ತಿಗೆ ಹಾಕಿ ನೋಡಿದೆ. ತೂತು ಬಿದ್ದಿಲ್ಲ. ಆದರೆ ಚಾಸಿ ಒಳಗಿನಿಂದ ಕೆಸರು ಉದುರುತ್ತಿದೆ. ಪಕ್ಕದ ಒಂದು ತೂತಿನಲ್ಲಿ ಬೆರಳು ಹಾಕಿದರೆ ಒದ್ದೆ ಮಣ್ಣು ಬಂತು.

ಉತ್ತರ: ಒಳ್ಳೆ ಕೆಲಸ ಮಾಡಿದಿರಿ. ನಿಮ್ಮ ಗಾಡಿಯ ನಿಜವಾದ ಕಾಯಿಲೆ ಅಲ್ಲಿದೆ. ಚಾಸಿ ಒಂದು ಟೊಳ್ಳು ಪೆಟ್ಟಿಗೆ. ಹಳ್ಳ ದಾಟಿದಾಗೆಲ್ಲ ಕೆಸರು ನೀರು ಒಳಗೆ ಹೋಗುತ್ತದೆ. ನೀರು ಸೋರಿ ಹೋದರೂ ಮಣ್ಣು ಉಳಿಯುತ್ತದೆ, ಆ ಮಣ್ಣು ತೇವ ಹಿಡಿದಿಟ್ಟುಕೊಳ್ಳುತ್ತದೆ. ಅದರಲ್ಲಿ ಉಪ್ಪಿನ ಅಂಶ ಇದ್ದರಂತೂ ತುಕ್ಕು ಇನ್ನೂ ಬೇಗ.

ಪೈಪು ಒಳಗೆ ತೂರಿಸಿ ನೀರು ಬಿಡಿ. ಹೊರಗೆ ಬರುವ ನೀರು ತಿಳಿಯಾಗುವ ತನಕ ಬಿಡಿ. ಸುಮ್ನೆ ಎರಡು ಬಕೆಟ್ ಹೊಯ್ದರೆ ಆಗಲ್ಲ. ಕೆಳಗಿನ ಡ್ರೈನ್ ತೂತುಗಳನ್ನು ತಂತಿಯಿಂದ ಬಿಡಿಸಿ. ಆಮೇಲೆ ಒಣಗಲು ದಿನಗಟ್ಟಲೆ ಬಿಡಿ. ಇಲ್ಲೇ ಎಲ್ಲರೂ ಅವಸರ ಮಾಡುವುದು. ಬಿಸಿಲಲ್ಲಿ ನಿಲ್ಲಿಸಿ, ಸಾಧ್ಯವಿದ್ದರೆ ಒಂದು ತುದಿಯಿಂದ ಕಂಪ್ರೆಸರ್ ಗಾಳಿ ಬಿಡಿ. ಹೊರಗೆ ಪ್ರೈಮರ್ ಹೊಡೆಯುವಾಗ ಇಬ್ಬನಿ ಹೊತ್ತು ಬೇಡ. ಕಬ್ಬಿಣದ ಬಿಸಿ ಇಬ್ಬನಿ ಕಟ್ಟುವ ಮಟ್ಟಕ್ಕಿಂತ ಕಡಿಮೆ ಅಂದರೂ 3 ಡಿಗ್ರಿ ಸೆಲ್ಸಿಯಸ್ ಮೇಲಿರಬೇಕು. ಇಲ್ಲದಿದ್ದರೆ ಕಣ್ಣಿಗೆ ಕಾಣದ ತೇವದ ಮೇಲೆ ಹೊಡೆದಂತಾಗುತ್ತದೆ.

ಒಳಗೆ ಹೊಡೆಯಲು ಕ್ಯಾವಿಟಿ ವ್ಯಾಕ್ಸ್ ತಗೊಳ್ಳಿ. ಅದರ ಜೊತೆ ಉದ್ದದ ಬಳುಕುವ ಟ್ಯೂಬ್ ಬರುತ್ತದೆ, ತುದಿಯ ನಾಜಲ್ ಸುತ್ತಲೂ ಚಿಮ್ಮುತ್ತದೆ. ಟ್ಯೂಬನ್ನು ಕೊನೆ ತನಕ ತೂರಿಸಿ. ಆಮೇಲೆ ಒತ್ತುತ್ತಾ ನಿಧಾನವಾಗಿ ಹಿಂದಕ್ಕೆ ಎಳೆಯಿರಿ. ಪಕ್ಕದ ತೂತಿನಿಂದ ಮಂಜು ಬಂದ ಹಾಗೆ ಬಂದರೆ ಅಲ್ಲಿಗೆ ತಲುಪಿದೆ ಅಂತ ಅರ್ಥ. ಟ್ಯೂಬ್ ಮೇಲೆ ಮೊದಲೇ ಒಂದು ಟೇಪ್ ಗುರುತು ಹಾಕಿಕೊಂಡರೆ ತುದಿ ಪಟ್ ಅಂತ ಹೊರಬಂದು ಮುಖಕ್ಕೆ ಎರಚುವುದು ತಪ್ಪುತ್ತದೆ. ಚಳಿ ಇದ್ದರೆ ಡಬ್ಬಿಯನ್ನು ಉಗುರುಬೆಚ್ಚಗಿನ ನೀರಲ್ಲಿಡಿ. ಬೆಂಕಿ ಹತ್ರ ಮಾತ್ರ ಬೇಡ, ಸಿಡಿಯುತ್ತದೆ.

ಮುಂದೆ ವೆಲ್ಡಿಂಗ್ ಮಾಡಿಸುವ ಯೋಚನೆ ಇದ್ದರೆ ಈಗಲೇ ಮಾಡಿಸಿ. ವ್ಯಾಕ್ಸ್ ತುಂಬಿದ ಚಾಸಿಗೆ ವೆಲ್ಡಿಂಗ್ ಕಿಡಿ ಬಿದ್ದರೆ ಒಳಗೇ ಬೆಂಕಿ ಹತ್ತಿಕೊಳ್ಳುತ್ತದೆ.

ಪ್ರಶ್ನೆ (ಮತ್ತೊಬ್ಬ ಸದಸ್ಯರು): ನನ್ನದು ಅಲ್ಯೂಮಿನಿಯಂ ಬಾಡಿಯ ಹಳೇ ಲ್ಯಾಂಡ್ ರೋವರ್. ಬಾಡಿಗೆ ತುಕ್ಕಿನ ಭಯ ಇಲ್ಲ ಅಲ್ವಾ? ಬೆಡ್‌ಲೈನರ್ ನಾನೇ ಹೊಡೆಯಬಹುದಾ?

ಉತ್ತರ: ಕಂದು ತುಕ್ಕಿನ ಭಯ ಇಲ್ಲ, ಬಿಳಿ ಪುಡಿಯ ಭಯ ಇದೆ. 1948ರ ಮೊದಲ ಲ್ಯಾಂಡ್ ರೋವರಿನಿಂದ 2016ರಲ್ಲಿ ನಿಂತ ಹಳೇ ಡಿಫೆಂಡರ್ ತನಕ ಬಾಡಿ ಬಹುಪಾಲು ಅಲ್ಯೂಮಿನಿಯಂ, ಚಾಸಿ ಉಕ್ಕು. ಎರಡು ಲೋಹ ತಾಗುವ ಕಡೆ ನೀರು ನಿಂತರೆ ಸವೆಯುವುದು ಅಲ್ಯೂಮಿನಿಯಂ. ಬೋಲ್ಟ್ ಸುತ್ತ, ಬಾಗಿಲ ಅಂಚಲ್ಲಿ ಬಿಳಿ ಪುಡಿ ಕಂಡರೆ ಬಿಚ್ಚಿ, ಒರೆಸಿ, ನಡುವೆ ಪ್ಲಾಸ್ಟಿಕ್ ವಾಷರ್ ಇಲ್ಲವೇ ಗ್ಯಾಸ್ಕೆಟ್ ಕೊಟ್ಟು ವ್ಯಾಕ್ಸ್ ಹಚ್ಚಿ ಕೂರಿಸಿ.

ಬೆಡ್‌ಲೈನರ್ ಕಲ್ಲೇಟಿಗೆ ಬಲು ಗಟ್ಟಿ. ಹಿಂದಿನ ತೊಟ್ಟಿಗೆ, ಫ್ಲೋರ್‌ಗೆ ಹೊಡೆಯಿರಿ, ತುಕ್ಕು ಪೂರ್ತಿ ಹೋದ ಮೇಲೆ. ಆದರೆ ಎರಡು ಭಾಗ ಕಲಸುವ ಪಾಲಿಯುರೆಥೇನ್ ಆದರೆ ನೀವೇ ಹೊಡೆಯುವುದು ಬೇಡ. ಅದರಲ್ಲಿ ಐಸೊಸಯನೇಟ್ ಇರುತ್ತದೆ. ಉಸಿರಲ್ಲಿ ಹೋದರೆ ಅಸ್ತಮಾ ಬರಬಹುದು. ಧೂಳಿನ ಮಾಸ್ಕ್ ಅದನ್ನು ತಡೆಯುವುದಿಲ್ಲ. ಹೊರಗಿನಿಂದ ಗಾಳಿ ಕೊಡುವ ಮಾಸ್ಕ್ ಇರುವವರ ಹತ್ರವೇ ಮಾಡಿಸಿ.

ಪ್ರಶ್ನೆ (ಮೊದಲು ಕೇಳಿದವರು): ಕೊನೇದಾಗಿ ಸರ್, ಯಾವ್ಯಾವ ಭಾಗ ಮುಚ್ಚಬೇಕು?

ಉತ್ತರ: ಬ್ರೇಕ್ ಡಿಸ್ಕ್, ಡ್ರಮ್, ಪ್ಯಾಡ್ ಮೊದಲು. ಒಂದು ಹನಿಯೂ ಬೀಳಬಾರದು. ಸೈಲೆನ್ಸರ್ ಪೈಪಿಗೆ ಬಿದ್ದರೆ ಬಿಸಿಗೆ ಹೊಗೆ ಬರುತ್ತದೆ, ಬೆಂಕಿಯ ಅಪಾಯವೂ ಇದೆ. ಆಕ್ಸಲ್‌ಗೆ ಶಕ್ತಿ ಒಯ್ಯುವ, ತಿರುಗುವ ಪ್ರೊಪೆಲ್ಲರ್ ಶಾಫ್ಟ್ ಮೇಲೆ ದಪ್ಪಗೆ ಕೂತರೆ ಬ್ಯಾಲೆನ್ಸ್ ತಪ್ಪಿ ನಡುಗುತ್ತದೆ. ಆಕ್ಸಲ್ ಬ್ರೀದರ್ (ಆಕ್ಸಲ್ ಗಾಳಿಯಾಡುವ ಕಿಂಡಿ), ಗ್ರೀಸ್ ತುಂಬುವ ನಿಪ್ಪಲ್, ಚಾಸಿ ನಂಬರ್ ಇರುವ ಜಾಗ, ರಬ್ಬರ್ ಬುಷ್, ಬ್ರೇಕ್ ಹೋಸ್, ಎಲ್ಲಕ್ಕೂ ಟೇಪ್ ಸುತ್ತಿ. ಎಣ್ಣೆ ಅಂಶದ ಕೆಲವು ಸ್ಪ್ರೇಗಳು ರಬ್ಬರ್ ಊದಿಸುತ್ತವೆ.

ಹೊಡೆದ ಮೇಲೆ ಮೊದಲ ಕೆಲವು ದಿನ ವ್ಯಾಕ್ಸ್ ತೊಟ್ಟಿಕ್ಕುತ್ತದೆ. ಗಾಡಿ ಅಡಿಗೆ ರಟ್ಟು ಹಾಸಿಡಿ. ತೊಟ್ಟಿಕ್ಕುವುದು ನಿಂತ ಮೇಲೆ ಅದೇ ತಂತಿ ಹಿಡಿದು ಡ್ರೈನ್ ತೂತುಗಳನ್ನೆಲ್ಲ ಇನ್ನೊಮ್ಮೆ ಬಿಡಿಸಿ. ವ್ಯಾಕ್ಸ್ ಅಲ್ಲಿ ಗಟ್ಟಿಯಾಗಿ ಬಿರಡೆ ಹಾಕಿದಂತೆ ಕೂತಿರುತ್ತದೆ. ಆಮೇಲೆ ಒಂದು ಫೋಟೋ ಇಲ್ಲಿ ಹಾಕಿ, ಒಳಗೆ ಎಲ್ಲಿ ತನಕ ತಲುಪಿದೆ ಅಂತ ನೋಡಿ ಹೇಳುತ್ತೇನೆ.