ಲಕ್ಷಗಟ್ಟಲೆ ಫೈಲು, ರಾತ್ರಿಯೆಲ್ಲಾ ಓಡಿದ್ರೂ ಸಿಂಕ್ ಮುಗಿಯಲ್ಲ: ಸಿಸ್ಟಮ್ ಅಡ್ಮಿನ್ ಸುಧಾ ಮೇಡಂಗೆ ಕೇಳಿ

ಮಂಜು: ನಮಸ್ತೆ ಮೇಡಂ. ಹಳೇ ಕನ್ನಡ ಪುಸ್ತಕ ಸ್ಕ್ಯಾನ್ ಮಾಡೋ ಕೆಲಸ ನಮ್ದು. 40 ಲಕ್ಷ ಪುಟ, ಪುಟಕ್ಕೊಂದು ಜೆಪೆಗ್ ಒಂದು ಟೆಕ್ಸ್ಟ್ ಫೈಲು. ದಿನಾ ರಾತ್ರಿ ಸರ್ವರಿಂದ ನ್ಯಾಸ್‌ಗೆ (ನೆಟ್‌ವರ್ಕಲ್ಲಿರೋ ಸ್ಟೋರೇಜ್ ಪೆಟ್ಟಿಗೆ) ಆರ್‌ಸಿಂಕ್ (ಬದಲಾದ ಫೈಲು ಮಾತ್ರ ಕಾಪಿ ಮಾಡೋ ಪ್ರೋಗ್ರಾಂ) ಓಡುತ್ತೆ, ನ್ಯಾಸ್ ಎನ್‌ಎಫ್‌ಎಸ್ ಮೌಂಟ್ ಆಗಿದೆ, ಅಂದ್ರೆ ಅದರ ಡಿಸ್ಕ್ ನೆಟ್‌ವರ್ಕ್ ಮೂಲಕ ಸರ್ವರಲ್ಲಿ ಫೋಲ್ಡರ್ ತರ ಕಾಣುತ್ತೆ. ಹೊಸ ಫೈಲು ಎರಡು ಮೂರು ಸಾವಿರ ಅಷ್ಟೇ, ಆದ್ರೂ ಬೆಳಿಗ್ಗೆ ಬಂದು ನೋಡಿದ್ರೆ ಇನ್ನೂ ಓಡ್ತಿರುತ್ತೆ. 10 ಗಿಗಾಬಿಟ್ ಸ್ವಿಚ್ ಹಾಕಿಸ್ಲಾ?

ಸುಧಾ: ಬೇಡ. ಆರ್‌ಸಿಂಕ್‌ಗೆ ಯಾವ್ಯಾವ ಆಪ್ಷನ್ ಕೊಟ್ಟಿದ್ದೀರ ಹೇಳಿ.

ಮಂಜು: ಆರ್ಕೈವ್, ಕಂಪ್ರೆಸ್, ಚೆಕ್‌ಸಮ್, ಡಿಲೀಟ್. ಮುಂಚೆ ಇದ್ದೋರು ಬರೆದಿಟ್ಟಿದ್ದು.

ಸುಧಾ: ಚೆಕ್‌ಸಮ್ಮೇ ಮೊದಲ ಕಳ್ಳ. ಒಳಗಿರೋದು ಒಂದೇನಾ ಅಂತ ಹೋಲಿಸೋಕೆ ಬದಲಾಗದೇ ಇರೋ ಫೈಲನ್ನೂ ಎರಡೂ ಕಡೆ ಪೂರ್ತಿ ಓದುತ್ತೆ, ಮೌಂಟ್ ಆಗಿರೋದ್ರಿಂದ ನ್ಯಾಸ್ ಕಡೇದೆಲ್ಲಾ ನೆಟ್‌ವರ್ಕ್ ಮೇಲೆ ವಾಪಸ್ ಬರುತ್ತೆ. ಅದನ್ನ ತೆಗೆದ್ರೆ ಸೈಜು, ಮಾಡಿಫೈ ಟೈಮು ಎರಡೇ ನೋಡುತ್ತೆ. ಆಗ್ಲೂ 80 ಲಕ್ಷ ಫೈಲಿಗೆ ಒಂದೊಂದಾಗಿ ಎನ್‌ಎಫ್‌ಎಸ್‌ನಲ್ಲಿ ಕೇಳ್ಬೇಕಲ್ಲ, ಒಂದಕ್ಕೆ ಅರ್ಧ ಮಿಲಿಸೆಕೆಂಡ್ ಅಂದ್ರೂ 4000 ಸೆಕೆಂಡು, ಒಂದು ಬೈಟೂ ಕಾಪಿ ಆಗದೇ ಗಂಟೆ ಮೇಲಾಯ್ತು. ಸ್ವಿಚ್ ಬದಲಾಯಿಸಿದ್ರೆ ಈ ಕಾಯೋದು ಕಮ್ಮಿ ಆಗಲ್ಲ. ಮೌಂಟ್ ಬಿಟ್ಟು ಎಸ್‌ಎಸ್‌ಎಚ್‌ನಲ್ಲಿ (ಬೇರೆ ಮೆಷಿನ್‌ಗೆ ಲಾಗಿನ್ ಆಗೋ ದಾರಿ) ಹೋಗಿ, ಇಲ್ಲ ನ್ಯಾಸ್‌ನಲ್ಲೇ ಆರ್‌ಸಿಂಕ್ ಡೀಮನ್ (ಹಿನ್ನೆಲೆಯಲ್ಲಿ ಓಡ್ತಾ ಇರೋ ಪ್ರೋಗ್ರಾಂ) ಓಡಿಸಿ, ಅದರ ಡಿಸ್ಕನ್ನ ಅದೇ ನೋಡ್ಕೊಳ್ಳುತ್ತೆ. ಜೆಪೆಗ್ ಮೊದಲೇ ಕುಗ್ಗಿಸಿರೋದು, ಕಂಪ್ರೆಸ್ ತೆಗೀರಿ. ಮುಗಿದ ಪುಸ್ತಕದ ಫೋಲ್ಡರನ್ನ ದಿನಾ ಯಾಕೆ ನೋಡ್ತೀರ? ರಾತ್ರಿ ಹೊತ್ತು ಕೆಲಸ ನಡೀತಿರೋ ಫೋಲ್ಡರ್ ಮಾತ್ರ, ವಾರಕ್ಕೊಮ್ಮೆ ಎಲ್ಲಾ, ಚೆಕ್‌ಸಮ್ ತಿಂಗಳಿಗೊಮ್ಮೆ ಸಾಕು.

ನವೀನ್: ವಿಂಡೋಸ್‌ಗೆ?

ಸುಧಾ: ವಿಂಡೋಸಲ್ಲೇ ಇರೋ ರೋಬೋಕಾಪಿ, ಎಂಟಿ ಆಪ್ಷನ್, ಒಂದೇ ಸಲ ಹಲವು ಫೈಲ್ ಕಾಪಿ ಮಾಡುತ್ತೆ. ಸುಮ್ನೆ ಎಂಟಿ ಅಂದ್ರೆ 8 ಥ್ರೆಡ್, 128ರವರೆಗೂ ಹೋಗುತ್ತೆ.

ಗೀತಾ: ವಾಟ್ಸಾಪಲ್ಲಿ ಬಂದಿದ್ದು: "ಸೈಜ್ ಓನ್ಲಿ ಹಾಕಿ, 64 ಆರ್‌ಸಿಂಕ್ ಒಟ್ಟಿಗೆ ಓಡಿಸಿ, 10 ಪಟ್ಟು ಸ್ಪೀಡ್!" ಟ್ರೈ ಮಾಡ್ಬಹುದಾ?

ಸುಧಾ: ದಯವಿಟ್ಟು ಬೇಡ. ಮಂಜು ಅವ್ರ ಟೆಕ್ಸ್ಟ್ ಫೈಲಲ್ಲಿ ಪ್ರೂಫ್ ನೋಡೋರು "ಹಲೆ" ಅನ್ನೋದನ್ನ "ಹಳೆ" ಅಂತ ತಿದ್ದಿದ್ರೆ ಯುಟಿಎಫ್-8ನಲ್ಲಿ (ಅಕ್ಷರಗಳನ್ನ ಬೈಟಲ್ಲಿ ಬರೆಯೋ ಪದ್ಧತಿ) ಲ, ಳ ಎರಡೂ 3 ಬೈಟು, ಫೈಲ್ ಸೈಜು ಅಷ್ಟೇ ಇರುತ್ತೆ. ಸೈಜ್ ಓನ್ಲಿ ಅದನ್ನ ಮುಟ್ಟೋದೇ ಇಲ್ಲ, ತಿದ್ದಿದ್ದೆಲ್ಲಾ ಬ್ಯಾಕಪ್‌ಗೆ ಹೋಗಲ್ಲ, ಎರರ್ರೂ ಬರಲ್ಲ. ಇನ್ನು ತಿರುಗೋ ಹಾರ್ಡ್ ಡಿಸ್ಕ್ ಮೇಲೆ 64 ಓಡಿಸಿದ್ರೆ ಹೆಡ್ ಅತ್ಲಾಗಿಂದ ಇತ್ಲಾಗೆ ಓಡಾಡೋದ್ರಲ್ಲೇ ಟೈಮ್ ಹೋಗುತ್ತೆ. ನಾಲ್ಕರಿಂದ ಶುರು ಮಾಡಿ ಅಳೆದು ನೋಡ್ಬೇಕು.

ರೇಖಾ: ಗೂಗಲ್ ಡ್ರೈವ್‌ಗೆ ಇಷ್ಟು ಫೈಲು ಹಾಕೋದು ಹೇಗೆ?

ಪ್ರಕಾಶ: 1996ರ ಆರ್‌ಸಿಂಕ್ ಹಿಡ್ಕೊಂಡು ಯಾಕೆ ಒದ್ದಾಡ್ತೀರೋ. ಝಡ್‌ಎಫ್‌ಎಸ್ (ಡಿಸ್ಕಲ್ಲಿ ಫೈಲ್ ಇಡೋ ಒಂದು ಫೈಲ್ ಸಿಸ್ಟಮ್) ಸ್ನ್ಯಾಪ್‌ಶಾಟ್ (ಆ ಕ್ಷಣದ ಚಿತ್ರಣ) ತೆಗೆದು ಸೆಂಡ್ ಮಾಡಿ, ಫೈಲ್ ಹುಡುಕೋ ಗೋಜೇ ಇಲ್ಲ, ಬದಲಾದ ಬ್ಲಾಕ್ ಮಾತ್ರ ಹೋಗುತ್ತೆ.

ಶಶಿ: ಇರೋ ಡೇಟಾ ಎಲ್ಲಾ ಝಡ್‌ಎಫ್‌ಎಸ್‌ಗೆ ಎತ್ತಾಕೋಕೆ ಡಿಸ್ಕ್ ನೀವು ಕೊಡಿಸ್ತೀರಾ?

ಪ್ರಕಾಶ: ಗೊತ್ತಿಲ್ದೇ ಇರೋದಕ್ಕೆ ಬಾಯಿ ಹಾಕ್ಬೇಡಿ.

ಶಶಿ: ನಿಮ್ಮ ಮನೆ ಲ್ಯಾಬ್ ಬೇರೆ, ಆಫೀಸ್ ಬೇರೆ ರೀ. ಪ್ರತಿ ಥ್ರೆಡ್‌ನಲ್ಲೂ ಝಡ್‌ಎಫ್‌ಎಸ್ ಝಡ್‌ಎಫ್‌ಎಸ್.

ಸುಧಾ: ಎರಡೂ ಕಡೆ ಝಡ್‌ಎಫ್‌ಎಸ್ ಇದ್ರೆ ಪ್ರಕಾಶ್ ಹೇಳಿದ್ದೇ ಸರಿ. ಮಂಜು ಅವ್ರ ಹತ್ರ ಇದ್ಯಾ ಇಲ್ವಾ ಅಂತ ಮೊದಲು ಕೇಳಿ, ಆಮೇಲೆ ಕಿತ್ತಾಡಿ.

ಕಿರಣ್: ವಿಂಡೋಸ್‌ಗೆ ಏನಾದ್ರೂ ಇದ್ಯಾ ಮೇಡಂ?

ಸುಧಾ: ಮೇಲೆ ಓದಿ.

ಕಿರಣ್: ಓದ್ದೆ. ಎಂಐಆರ್ ಕೂಡ ಹಾಕ್ಬೇಕಂತೆ, ಫ್ರೆಂಡ್ ಹೇಳ್ದ.

ಸುಧಾ: ಎಂಐಆರ್ ಸ್ಪೀಡ್ ಮಾಡಲ್ಲ, ಸೋರ್ಸಲ್ಲಿ ಇಲ್ಲದ್ದನ್ನ ಆ ಕಡೆ ಅಳಿಸುತ್ತೆ. ಏನು ಅಂತ ಓದದೇ ಯಾರೋ ಹೇಳಿದ್ದನ್ನ ಹಾಕ್ಬೇಡಿ ಅಂತ ಎಷ್ಟು ಸಲ ಹೇಳ್ಬೇಕು?

ರೇಖಾ: ನಂದಕ್ಕೆ ಯಾರೂ ಉತ್ತರ ಕೊಡ್ಲಿಲ್ಲ.

ಸುಧಾ: ಮಂಜು ಅವ್ರೇ, ನಿಮ್ಮ ಆರ್‌ಸಿಂಕಿನ ಡಿಲೀಟ್ ಆಪ್ಷನ್ ಬಗ್ಗೆನೇ ನನಗೆ ಯೋಚನೆ, ಅದೂ ಸೋರ್ಸಲ್ಲಿ ಇಲ್ಲದ್ದನ್ನ ಆ ಕಡೆ ಅಳಿಸುತ್ತೆ. ಸ್ಕ್ಯಾನ್ ಇರೋದು ಸರ್ವರ್ ಒಳಗಿನ ಡಿಸ್ಕಲ್ಲಾ, ಬೇರೆ ಮೌಂಟಾ?

ಮಂಜು: ಬೇರೆ ಯುಎಸ್‌ಬಿ ಎನ್‌ಕ್ಲೋಷರ್ ಮೇಡಂ. ಕರೆಂಟ್ ಹೋಗಿ ಬಂದಾಗ ಕೆಲವೊಮ್ಮೆ ಮೌಂಟ್ ಆಗಲ್ಲ, ನಾವೇ ಮಾಡ್ತೀವಿ.

ಸುಧಾ: ಹಾಗಾದ್ರೆ ಈಗಲೇ ಕ್ರಾನ್ (ದಿನಾ ರಾತ್ರಿ ತಾನಾಗೇ ಓಡಿಸೋದು) ನಿಲ್ಸಿ. ಮೌಂಟ್ ಆಗದ ರಾತ್ರಿ ಆರ್‌ಸಿಂಕ್‌ಗೆ ಕಾಣೋದು ಖಾಲಿ ಫೋಲ್ಡರ್, ನ್ಯಾಸ್‌ನಲ್ಲಿರೋ 80 ಲಕ್ಷ ಫೈಲನ್ನೂ ಅಳಿಸ್ತಾ ಹೋಗುತ್ತೆ. ಡಿಲೀಟ್ ತೆಗೆದು, ಸ್ಕ್ರಿಪ್ಟಿನ ಮೊದಲ ಸಾಲಲ್ಲೇ ಮೌಂಟ್‌ಪಾಯಿಂಟ್ ಚೆಕ್ ಹಾಕಿ, ಮೌಂಟ್ ಇಲ್ಲ ಅಂದ್ರೆ ಅಲ್ಲೇ ನಿಲ್ಲಬೇಕು. ಮುಂದೆ ಡಿಲೀಟ್ ಬೇಕೇ ಬೇಕು ಅಂದ್ರೆ ಮ್ಯಾಕ್ಸ್ ಡಿಲೀಟ್ ಮಿತಿ ಕೊಟ್ಟು, ಮೊದಲು ಡ್ರೈ ರನ್ (ನಿಜಕ್ಕೂ ಅಳಿಸದೇ ಏನಾಗುತ್ತೆ ಅಂತ ತೋರಿಸೋದು) ಮಾಡಿ ಔಟ್‌ಪುಟ್ ಇಲ್ಲಿ ಹಾಕಿ. ಸ್ಪೀಡ್ ವಿಷಯ ಆಮೇಲೆ.