ಮಣ್ಣಿನ ಮಾಳಿಗೆ ತೆಗೆದು ಪಫ್ ಪ್ಯಾನೆಲ್: ನನ್ನ ಲೆಕ್ಕ 1,100 ಕೆ.ಜಿ., ಕಾಟಾ ಚೀಟಿ 1,580 ಕೆ.ಜಿ.

ಮಾಳಿಗೆಮನೆ (ಬಸವನ ಬಾಗೇವಾಡಿ ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ನಮ್ಮದು ಅಜ್ಜನ ಕಾಲದ ಮನೆ. ಕೆಸರಿನಲ್ಲಿ ಕಟ್ಟಿದ ಎರಡು ಅಡಿ ದಪ್ಪದ ಕಲ್ಲಿನ ಗೋಡೆ, ಅದರ ಮೇಲೆ ತೊಲೆ, ಜಂತಿ, ಹಲಗೆ ಮತ್ತು ಮಣ್ಣಿನ ಮಾಳಿಗೆ ಇವೆ. ವರ್ಷವರ್ಷ ಮಳೆಗಾಲಕ್ಕೆ ಮುಂಚೆ ಮಣ್ಣು ಹಾಕಿಸುವುದು ಇನ್ನು ಸಾಧ್ಯವಿಲ್ಲ ಎಂದು ಮಾಳಿಗೆಯನ್ನು ತೆಗೆದು, ಕಬ್ಬಿಣದ ಚೌಕಟ್ಟಿನ ಮೇಲೆ ಪಫ್ ಪ್ಯಾನೆಲ್ (ಎರಡು ತಗಡುಗಳ ನಡುವೆ ಫೋಮ್ ತುಂಬಿದ ಹಲಗೆ) ಹಾಕಿಸಲು ತೀರ್ಮಾನಿಸಿದ್ದೇವೆ.

ಮನೆಯ ಅಳತೆ 30 × 40 ಅಡಿ, ಅಂದರೆ 111.5 ಚದರ ಮೀಟರ್. ಪ್ಯಾನೆಲ್ 50 ಮಿ.ಮೀ. ದಪ್ಪವಿದ್ದು, ಮೇಲೆ ಕೆಳಗೆ 0.5 ಮಿ.ಮೀ. ಉಕ್ಕಿನ ತಗಡಿದೆ. ಉಕ್ಕಿನ ಸಾಂದ್ರತೆ ಘನ ಮೀಟರಿಗೆ 7,850 ಕೆ.ಜಿ., ಫೋಮಿನದು 40 ಕೆ.ಜಿ. ಎಂದು ಹಿಡಿದಾಗ ಚದರ ಮೀಟರಿಗೆ 9.85 ಕೆ.ಜಿ. ಬಂತು, ಒಟ್ಟು ಸುಮಾರು 1,100 ಕೆ.ಜಿ. ಆದರೆ ಪ್ಯಾನೆಲ್ ತಂದ ಗಾಡಿಯನ್ನು ಕಬ್ಬಿನ ಕಾಟಾದ (ಗಾಡಿಯನ್ನೇ ನಿಲ್ಲಿಸಿ ತೂಗುವ ತಕ್ಕಡಿ) ಮೇಲೆ ತೂಗಿಸಿದಾಗ ಖಾಲಿ ಗಾಡಿಯ ತೂಕ ಕಳೆದು 1,580 ಕೆ.ಜಿ. ಎಂದು ಚೀಟಿ ಬಂದಿದೆ. ಈ 480 ಕೆ.ಜಿ. ವ್ಯತ್ಯಾಸ ಎಲ್ಲಿಂದ ಬಂತು? ಹಳೆಯ ಗೋಡೆಗಳು ಈ ಹೆಚ್ಚುವರಿ ಭಾರವನ್ನು ತಾಳುತ್ತವೆಯೇ ಎಂಬುದು ಮನೆಯವರೆಲ್ಲರ ಚಿಂತೆ.

ಅಳತೆಪಟ್ಟಿ (ಬೆಳಗಾವಿ)

ತಮ್ಮ ಸೂತ್ರ ಸರಿಯಾಗಿದೆ, ಅದಕ್ಕೆ ಕೊಟ್ಟ ಅಳತೆಗಳು ತಪ್ಪಿವೆ. ಮನೆಯ ನೆಲದ ಅಳತೆಯೇ ಛಾವಣಿಯ ಅಳತೆಯಲ್ಲ. ಸೂರು ಎಷ್ಟು ಹೊರಗೆ ಚಾಚುತ್ತದೆ ಮತ್ತು ಇಳಿಜಾರು ಎಷ್ಟಿದೆ ಎಂದು ತಿಳಿಸಿರಿ. ಜೊತೆಗೆ, ಮೇಲಿನ ತಗಡು ಚಪ್ಪಟೆಯಾಗಿದೆಯೋ ಏಣುಗಳಿವೆಯೋ, ಕಾಟಾದ ಮೇಲೆ ನಿಂತಾಗ ಪ್ಯಾನೆಲ್‌ಗಳ ನಡುವೆ ಕಟ್ಟಿಗೆ ಇತ್ತೋ, ಮೂಲೆಪಟ್ಟಿಗಳೂ ಅದೇ ಗಾಡಿಯಲ್ಲಿ ಬಂದವೋ ಎಂಬುದೂ ಬೇಕು.

ಮಾಳಿಗೆಮನೆ

ಸೂರು ಸೇರಿ 33 × 42 ಅಡಿ, ಇಳಿಜಾರು 10 ಡಿಗ್ರಿ. ಮೇಲಿನ ತಗಡಿಗೆ ಏಣುಗಳಿವೆ. ನೆತ್ತಿಪಟ್ಟಿ, ಅಂಚುಪಟ್ಟಿ, ಸ್ಕ್ರೂ ಎಲ್ಲವೂ ಅದೇ ಗಾಡಿಯಲ್ಲಿ ಬಂದವು. ಪ್ಯಾನೆಲ್‌ಗಳ ಅಡಿಯಲ್ಲಿ ಹಾಕಿದ್ದ ಕಟ್ಟಿಗೆಯನ್ನು ತಾವು ಕೇಳಿದ ಮೇಲೆ ಮನೆಯ ತಕ್ಕಡಿಯಲ್ಲಿ ತೂಗಿದೆ, 84 ಕೆ.ಜಿ. ಬಂತು.

ಅಳತೆಪಟ್ಟಿ

ಹಾಗಿದ್ದರೆ ಲೆಕ್ಕ ಕೂಡಿತು. 33 × 42 ಅಡಿಗೆ 128.8 ಚದರ ಮೀಟರ್, ಇಳಿಜಾರಿನಿಂದ ಅದು ಸುಮಾರು 131 ಆಗುತ್ತದೆ. ಏಣು ಬಗ್ಗಿಸಿದ ತಗಡು ಒಂದು ಮೀಟರ್ ಅಗಲ ಮುಚ್ಚಬೇಕಾದರೆ ಸುಮಾರು 1.2 ಮೀಟರ್ ತಗಡು ಬೇಕು. ಆದ್ದರಿಂದ ಮೇಲಿನ ತಗಡು 4.7, ಕೆಳಗಿನದು 3.9, ಫೋಮ್ 2, ಒಟ್ಟು ಚದರ ಮೀಟರಿಗೆ 10.6 ರಿಂದ 10.7 ಕೆ.ಜಿ. ಎಂದರೆ ಪ್ಯಾನೆಲ್‌ಗಳೇ 1,400 ಕೆ.ಜಿ. ತೂಗುತ್ತವೆ. ಪಟ್ಟಿಗಳು ಮತ್ತು ಸ್ಕ್ರೂಗಳಿಗೆ 85, ಕಟ್ಟಿಗೆಗೆ 84 ಸೇರಿಸಿದರೆ 1,569. ದೊಡ್ಡ ಕಾಟಾಗಳು 10 ಅಥವಾ 20 ಕೆ.ಜಿ. ಹೆಜ್ಜೆಯಲ್ಲಿ ತೂಕ ತೋರಿಸುವುದರಿಂದ ಉಳಿದ 11 ಕೆ.ಜಿ.ಯನ್ನು ಹುಡುಕುವ ಅಗತ್ಯವಿಲ್ಲ.

ಈ ಚೀಟಿಯನ್ನು ಜೋಪಾನವಾಗಿ ಇಟ್ಟುಕೊಳ್ಳಿರಿ. 0.5 ಎಂದು ಹೇಳಿ 0.45 ಮಿ.ಮೀ. ತಗಡು ಕೊಟ್ಟಿದ್ದರೆ ಇಷ್ಟು ಛಾವಣಿಗೆ 110 ಕೆ.ಜಿ.ಗೂ ಹೆಚ್ಚು ಕಡಿಮೆ ತೂಗುತ್ತಿತ್ತು. ತಮಗೆ ಬಂದಿರುವ ಮಾಲು ಹೇಳಿದ ದಪ್ಪದ್ದೇ ಎಂಬುದಕ್ಕೆ ಈ ತೂಕವೇ ಸಾಕ್ಷಿ.

ಇನ್ನು ಗೋಡೆಯ ಪ್ರಶ್ನೆ. ಅದಕ್ಕೆ ಉತ್ತರಿಸುವ ಮೊದಲು, ಈಗ ಆ ಗೋಡೆಗಳ ಮೇಲಿರುವ ಮಣ್ಣು ಎಷ್ಟು ತೂಗುತ್ತದೆ ಎಂದು ಎಂದಾದರೂ ಲೆಕ್ಕ ಹಾಕಿದ್ದೀರಾ? ಬೆಳಕಿಂಡಿಯ ಅಂಚಿನಲ್ಲಿ ಅಳತೆಪಟ್ಟಿ ಹಿಡಿದರೆ ಅಗೆಯದೆಯೇ ಮಣ್ಣಿನ ದಪ್ಪ ಸಿಗುತ್ತದೆ. ಸಾಂದ್ರತೆಗೆ ಒಂದು ಬಕೆಟ್ ಸಾಕು: ಅಂಚಿನವರೆಗೆ ನೀರು ತುಂಬಿ ತೂಗಿದರೆ ಎಷ್ಟು ಕೆ.ಜಿ.ಯೋ ಅಷ್ಟು ಲೀಟರ್. ಅದೇ ಬಕೆಟ್‌ಗೆ ಮಾಳಿಗೆಯ ಮಣ್ಣನ್ನು ಚೆನ್ನಾಗಿ ಧಮ್ಮಸ್ಸು ಮಾಡಿ ತುಂಬಿ ಮತ್ತೆ ತೂಗಿರಿ. ಎರಡೂ ಸಲ ಖಾಲಿ ಬಕೆಟ್‌ನ ತೂಕ ಕಳೆಯುವುದನ್ನು ಮರೆಯಬೇಡಿರಿ.

ಮಾಳಿಗೆಮನೆ

ಬೆಳಕಿಂಡಿಯ ಬಳಿ ದಪ್ಪ 10 ಇಂಚು. ಬಕೆಟ್‌ನಲ್ಲಿ ನೀರು 14 ಕೆ.ಜಿ., ಮಣ್ಣು 23.8 ಕೆ.ಜಿ.

ಅಳತೆಪಟ್ಟಿ

ಅಂದರೆ ಘನ ಮೀಟರಿಗೆ 1,700 ಕೆ.ಜಿ. 1,200 ಚದರ ಅಡಿಗೆ 10 ಇಂಚು ದಪ್ಪವೆಂದರೆ 1,000 ಘನ ಅಡಿ, ನಮ್ಮ ಕಡೆಯ ಮಾತಿನಲ್ಲಿ ಸರಿಯಾಗಿ 10 ಬ್ರಾಸ್. ಅದರ ತೂಕ 48 ಟನ್! ಮಳೆ ನೆನೆದಾಗ ಇನ್ನೂ ಹೆಚ್ಚು. ಈ ಭಾರವನ್ನು ಕಂಬ ಮತ್ತು ಗೋಡೆಗಳು ಇಷ್ಟು ವರ್ಷ ಹಂಚಿಕೊಂಡು ಹೊತ್ತಿರುವಾಗ 480 ಕೆ.ಜಿ.ಗೆ ಹೆದರುವ ಕಾರಣವೇ ಇಲ್ಲ. ತಾವು ಹೆದರಬೇಕಾದದ್ದು ಹೊಸ ಛಾವಣಿ ತೀರ ಹಗುರ ಎಂಬುದಕ್ಕೆ.

ಹಳೆಯ ಮಾಳಿಗೆ ಚದರ ಮೀಟರಿಗೆ 430 ಕೆ.ಜಿ. ಇದ್ದುದರಿಂದ ಗಾಳಿಯ ವಿಚಾರವೇ ಬರುತ್ತಿರಲಿಲ್ಲ. ಭಾರತೀಯ ಮಾನಕ ಐಎಸ್ 875ರ ಮೂರನೆಯ ಭಾಗದಲ್ಲಿ ಗಾಳಿಯ ಒತ್ತಡಕ್ಕೆ ವೇಗದ ವರ್ಗವನ್ನು 0.6ರಿಂದ ಗುಣಿಸುತ್ತಾರೆ. ಅದರ ನಕ್ಷೆಯಲ್ಲಿರುವ ಅತಿ ಕಡಿಮೆ ಮೂಲವೇಗವಾದ ಸೆಕೆಂಡಿಗೆ 33 ಮೀಟರ್ ಹಿಡಿದರೂ ಚದರ ಮೀಟರಿಗೆ 653 ನ್ಯೂಟನ್, ಅಂದರೆ ಸುಮಾರು 66 ಕೆ.ಜಿ. ಬಲ ಬರುತ್ತದೆ. ಸೂರಿನ ಅಂಚು ಮತ್ತು ಮೂಲೆಗಳಲ್ಲಿ ಮೇಲಕ್ಕೆ ಎಳೆಯುವ ಬಲ ಇದಕ್ಕಿಂತ ಹೆಚ್ಚಿರುತ್ತದೆ. ಇದಕ್ಕೆ ಎದುರಾಗಿ ನಿಲ್ಲುವುದು ಪ್ಯಾನೆಲ್‌ನ 11 ಕೆ.ಜಿ. ಮತ್ತು ಚೌಕಟ್ಟು ಮಾತ್ರ. ಚೌಕಟ್ಟಿಗೆ ಯಾವ ಪೈಪ್ ಹಾಕುತ್ತಿದ್ದೀರಿ?

ಬಾಗಲಕೋಟೆ ವೆಲ್ಡರ್

ನಡುವೆ ಬರೆಯುತ್ತಿರುವುದಕ್ಕೆ ಕ್ಷಮೆ ಇರಲಿ. ಇಂಥ ಮನೆಗಳಿಗೆ ನಾವು ಸಾಮಾನ್ಯವಾಗಿ 60 × 40 ಮಿ.ಮೀ., 2 ಮಿ.ಮೀ. ದಪ್ಪದ ಬಾಕ್ಸ್ ಪೈಪ್ ಹಾಕುತ್ತೇವೆ. ಸುತ್ತಳತೆ 0.2 ಮೀಟರ್, ದಪ್ಪ 2 ಮಿ.ಮೀ., ಅದನ್ನು 7.85ರಿಂದ ಗುಣಿಸಿದರೆ ಮೀಟರಿಗೆ 3.14 ಕೆ.ಜಿ. ನಾಲ್ಕು ಅಡಿಗೊಂದು ಅಡ್ಡಪೈಪ್ ಮತ್ತು ಅದರ ಕೆಳಗಿನ ಮುಖ್ಯ ಚೌಕಟ್ಟು ಸೇರಿ ಚದರ ಮೀಟರಿಗೆ ಐದಾರು ಕೆ.ಜಿ. ಆಗುತ್ತದೆ. ಅಡ್ಡಮಳೆಯ ಗಾಳಿಗೆ ಚೌಕಟ್ಟಿನ ಸಮೇತ ಎದ್ದುಹೋದ ತಗಡುಗಳನ್ನು ಕಂಡಿದ್ದೇನೆ. ಅಲ್ಲಿ ವೆಲ್ಡಿಂಗ್ ಬಿಟ್ಟಿರಲಿಲ್ಲ, ಗೋಡೆಯ ಮೇಲಿನ ಸಾಲಿನ ಕಲ್ಲುಗಳೇ ಬೋಲ್ಟ್ ಸಮೇತ ಕಿತ್ತು ಬಂದಿದ್ದವು.

ಅಳತೆಪಟ್ಟಿ

ವೆಲ್ಡರ್ ಅವರು ಹೇಳಿದ್ದೇ ಮುಖ್ಯ ವಿಷಯ. 66ರಲ್ಲಿ ಪ್ಯಾನೆಲ್‌ನ 11, ಚೌಕಟ್ಟಿನ 6 ಸೇರಿ 17 ಕಳೆದರೆ ಚದರ ಮೀಟರಿಗೆ 49 ಕೆ.ಜಿ. ಎತ್ತುವ ಬಲ ಉಳಿಯುತ್ತದೆ. ಅರ್ಧ ಛಾವಣಿಯ ಅಗಲ ಐದು ಮೀಟರ್ ಇರುವುದರಿಂದ ಪ್ರತಿ ಉದ್ದನೆಯ ಗೋಡೆಯ ಒಂದೊಂದು ಮೀಟರಿಗೆ 245 ಕೆ.ಜಿ. ಗೋಡೆಯ ತಲೆಯ ಮೇಲೆ ಎರಡು ಅಡಿ ಅಗಲ, ಆರು ಇಂಚು ಎತ್ತರದ ಕಾಂಕ್ರೀಟ್ ಬೆಲ್ಟ್ ಹಾಕಿದರೆ ಅದೇ ಮೀಟರಿಗೆ 225 ಕೆ.ಜಿ. ಇರುತ್ತದೆ; ಬಹುತೇಕ ಸರಿದೂಗುತ್ತದೆ, ಆದರೆ ಸಾಲದು. ಆದ್ದರಿಂದ ಬೆಲ್ಟ್‌ನಿಂದ 12 ಮಿ.ಮೀ. ಸಲಾಕೆಗಳನ್ನು ಗೋಡೆಯೊಳಗೆ ಮೂರು ಅಡಿಗೂ ಕೆಳಗೆ ಇಳಿಸಿ, ತುದಿಗೆ ಪ್ಲೇಟ್ ಕೊಟ್ಟು ಕಾಂಕ್ರೀಟ್ ತುಂಬಿಸಿರಿ. ಆಗ ಮೀಟರಿಗೆ 1,200 ಕೆ.ಜಿ.ಗೂ ಹೆಚ್ಚು ತೂಗುವ ಕಲ್ಲಿನ ಗೋಡೆ ಛಾವಣಿಯನ್ನು ಹಿಡಿದಿಡುತ್ತದೆ. ಸಲಾಕೆಗಳ ಅಂತರವನ್ನು ಸ್ಥಳದಲ್ಲಿ ಗೋಡೆ ನೋಡಿದ ಎಂಜಿನಿಯರರೇ ನಿರ್ಧರಿಸಲಿ. ತಗಡಿನ ಮೇಲೆ ಕಲ್ಲು ಹೇರುವ ನಮ್ಮೂರ ಪದ್ಧತಿಯನ್ನು ಮಾತ್ರ ಪಫ್ ಪ್ಯಾನೆಲ್ ಮೇಲೆ ಪ್ರಯೋಗಿಸಬೇಡಿರಿ, ತಗಡು ತಗ್ಗಾಗಿ ಅಲ್ಲೇ ನೀರು ನಿಲ್ಲುತ್ತದೆ.

ಮಣ್ಣು ತೆಗೆಯುವಾಗ ಅದನ್ನು ಮಾಳಿಗೆಯ ಒಂದು ಮೂಲೆಗೆ ಗುಡ್ಡೆ ಹಾಕಿಸಬಾರದು. ಎರಡೂ ಬದಿಯಿಂದ ಸಮನಾಗಿ ತೆಗೆದು ಕೂಡಲೇ ಕೆಳಗಿಳಿಸಬೇಕು. ಅಗೆದ ಮಣ್ಣು ಉಬ್ಬುವುದರಿಂದ 10 ಬ್ರಾಸ್ ಮಣ್ಣಿಗೆ 12 ಅಥವಾ 13 ಬ್ರಾಸ್ ಸಾಗಿಸುವ ಲೆಕ್ಕ ಇಟ್ಟುಕೊಳ್ಳಿರಿ.

ಮಾಳಿಗೆಮನೆ

ಅನಂತ ಧನ್ಯವಾದಗಳು. ಬೆಲ್ಟ್ ಹಾಕಿಸಿ, ಅದು ಗಟ್ಟಿಯಾಗುವವರೆಗೆ ಕೆಲಸ ತಡೆದಿಡುತ್ತೇವೆ. ಅಲ್ಲಿಯವರೆಗೆ ಅಂಗಳದಲ್ಲಿರುವ ಪ್ಯಾನೆಲ್‌ಗಳನ್ನು ಹಗ್ಗದಿಂದ ಬೇವಿನ ಮರಕ್ಕೆ ಬಿಗಿದಿದ್ದೇನೆ. ಮಣ್ಣು ಕರಲು ಮಣ್ಣಾದ್ದರಿಂದ ಹೊಲಕ್ಕೆ ಹಾಕುವಂತಿಲ್ಲ. ಪಕ್ಕದ ಮನೆಯ ಕಾಕಾ ತಮ್ಮ ಮಾಳಿಗೆಗೆ ಮೂರು ಬ್ರಾಸ್ ಕೇಳಿದ್ದಾರೆ. ಈಗಿರುವ ಮಣ್ಣಿನ ಮೇಲೆ ಅದನ್ನು ಹೇರುವ ಮೊದಲು ಅವರ ಬೆಳಕಿಂಡಿಯ ಬಳಿಯೂ ಅಳತೆಪಟ್ಟಿ ಹಿಡಿದು ನೋಡುತ್ತೇನೆ.